ಆಶಾ ಅಕ್ಕನಿಗೆ, ಜೊತೆಗಿದ್ದ ಎಲ್ಲರಿಗೂ

ಮಗಳ ಗುಂಪು ಚಿಕಿತ್ಸೆ ಕಳೆದ ಶನಿವಾರ ಮುಗಿಯಿತು. ಹೋದ ವರ್ಷ ಅವಳಿಗೆ ಬದುಕೇ ಬೇಡ ಅನ್ನಿಸಿಬಿಟ್ಟಿತ್ತು ಅಂತ ನಿಮಗೆಲ್ಲ ಗೊತ್ತು, ಎಲ್ಲ ವಿವರ ಮತ್ತೆ ಹೇಳಲ್ಲ. ಇದನ್ನು ಅವಳೇ ಓದಿ "ಹಾಕಮ್ಮ" ಅಂದ ಮೇಲೆ ಹಾಕುತ್ತಿದ್ದೇನೆ.

ಮೈಸೂರಿನ ಡಾಕ್ಟರಿಗೆ, ಗುಂಪು ನಡೆಸಿದ ಇಬ್ಬರು ಕೌನ್ಸೆಲರ್‌ಗಳಿಗೆ, ಹಾಜರಾತಿ ವಿಷಯದಲ್ಲಿ ನಮ್ಮ ಪರ ನಿಂತ ಲೆಕ್ಚರರ್‌ಗೆ, ಡ್ಯೂಟಿ ಬದಲಾಯಿಸಿಕೊಂಡು ಅವಳನ್ನು ಮಂಡ್ಯದಿಂದ ರೈಲಿನಲ್ಲಿ ಕರೆದುಕೊಂಡು ಹೋಗುತ್ತಿದ್ದ ನನ್ನ ತಮ್ಮನಿಗೆ ತುಂಬಾ ಥ್ಯಾಂಕ್ಸ್.

ನಮ್ಮ ಬೀದಿಯ ಆಶಾ ಅಕ್ಕನ (ನಮ್ಮ ಆರೋಗ್ಯ ಕಾರ್ಯಕರ್ತೆ) ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಬರೆಯಬೇಕು.

ಆ ರಾತ್ರಿ ನಮ್ಮೆಜಮಾನರು ಊರಲ್ಲಿರಲಿಲ್ಲ. ಮಗಳ ಪುಸ್ತಕದಲ್ಲಿ ಸಿಕ್ಕ ಚೀಟಿ ನೋಡಿ ನನಗೆ ಕೈಕಾಲೇ ಆಡಲಿಲ್ಲ. ಅಕ್ಕನಿಗೆ ಫೋನ್ ಮಾಡಿದೆ. ದಿನವಿಡೀ ಲಸಿಕೆ, ಬಾಣಂತಿ, ಸರ್ವೆ ಅಂತ ಮನೆಮನೆ ಸುತ್ತಿ ಬಂದವರು, ನೈಟಿ ಮೇಲೆ ಟವೆಲ್ ಹೊದ್ದುಕೊಂಡು ಹಾಗೇ ಓಡಿ ಬಂದರು. ಮೊದಲು ಮನೆಯಲ್ಲಿದ್ದ ಮಾತ್ರೆಗಳನ್ನೆಲ್ಲ, ನಮ್ಮತ್ತೆಯ ಬಿಪಿ ಮಾತ್ರೆ ಸಮೇತ, ಒಂದು ಕವರಿಗೆ ಹಾಕಿ ತಮ್ಮ ಮನೆಗೆ ಕಳಿಸಿದರು. ಆಮೇಲೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಅವರೇ ಫೋನ್ ಮಾಡಿದರು. ಆ ಕಡೆಯವರು ಕನ್ನಡದಲ್ಲೇ ಸಮಾಧಾನವಾಗಿ ಮಾತಾಡಿದರು. ಮಗುವನ್ನು ಒಬ್ಬಳೇ ಬಿಡಬೇಡಿ, ಬೆಳಿಗ್ಗೆಯೇ ಡಾಕ್ಟರಿಗೆ ತೋರಿಸಿ ಅಂದರು.

ಅಕ್ಕ ಮನೆಗೆ ಹೋಗಲಿಲ್ಲ. ಮಂಚದ ಪಕ್ಕ ಚಾಪೆ ಹಾಸಿಕೊಂಡು ಕೂತರು. "ನಿನಗೇನು ಕಮ್ಮಿಯಾಗಿದೆ" ಅನ್ನಲಿಲ್ಲ. "ಸಾಯ್ಬೇಕು ಅನ್ನಿಸ್ತಾ ಇದ್ಯಾ ಮಗಾ?" ಅಂತ ನೇರವಾಗಿ ಕೇಳಿದರು. ನನಗೆ ಎದೆ ಧಸಕ್ಕೆಂದಿತು. ಆದರೆ ಮಗಳು ಬಾಯಿ ಬಿಟ್ಟಿದ್ದು ಆಗಲೇ. ಹಾಗೆ ಕೇಳಿದರೆ ಇಲ್ಲದ ಯೋಚನೆಯೇನೂ ತಲೆಗೆ ಬರಲ್ಲ, ಹೇಳಿಕೊಳ್ಳೋಕೆ ದಾರಿ ಆಗುತ್ತೆ ಅಂತ ಆಮೇಲೆ ಡಾಕ್ಟರೂ ಹೇಳಿದರು. ಬೆಳಗಿನ ಜಾವ ಅವಳಿಗೆ ನಿದ್ದೆ ಹತ್ತಿತು. ಅಕ್ಕ ಕಣ್ಣು ಮುಚ್ಚಲಿಲ್ಲ.

ಈಗಲೂ ಎಷ್ಟೋ ರಾತ್ರಿ ಎದ್ದು ಹೋಗಿ ಮಗಳ ಉಸಿರು ನೋಡಿ ಬರುತ್ತೇನೆ. ಹೆತ್ತ ಹೊಟ್ಟೆ. ಆ ಭಯ ಇನ್ನೂ ಹೋಗಿಲ್ಲ.

ಗುಂಪಿನಲ್ಲಿ ಎಲ್ಲ ಇವಳ ವಯಸ್ಸಿನವರೇ. ಅಲ್ಲಿ ಆಡಿದ ಮಾತು ಅಲ್ಲೇ ಇರಬೇಕು ಅನ್ನೋದು ನಿಯಮ, ನಾನೂ ಕೇಳಲಿಲ್ಲ. "ನನಗೊಬ್ಬಳಿಗೇ ಅಲ್ಲಮ್ಮ ಹೀಗಾಗೋದು" ಅಂದಳು, ಅಷ್ಟೇ. ತನ್ನ ನೋಟ್‌ಬುಕ್ ಮಾತ್ರ ತೋರಿಸಿದಳು. ಒಂದು ಕಡೆ: "ಗೆಳತಿ ಮೆಸೇಜ್‌ಗೆ ಉತ್ತರ ಕೊಟ್ಟಿಲ್ಲ, ನಾನು ಯಾರಿಗೂ ಬೇಡ." ಪಕ್ಕದಲ್ಲಿ, ಇದಕ್ಕೆ ಸಾಕ್ಷಿ ಏನು, ಬೇರೆ ಕಾರಣ ಇರಬಹುದಾ? "ನಾಳೆ ಅವಳಿಗೂ ಟೆಸ್ಟ್ ಇದೆ." ಮನಸ್ಸು ಬರಲಿ ಅಂತ ಕಾಯದೆ ಏನಾದರೂ ಸಣ್ಣ ಕೆಲಸ ಮಾಡಿ, ಆಮೇಲೆ ಮನಸ್ಸಿಗೆ ಹತ್ತಕ್ಕೆ ಎಷ್ಟು ಅಂತ ಅಂಕ ಹಾಕಬೇಕು. ಕುಕ್ಕರಹಳ್ಳಿ ಕೆರೆ ಸುತ್ತಿದ ದಿನ 4. ಅಜ್ಜಿ ಜೊತೆ ಅವರೆಕಾಯಿ ಸುಲಿದ ದಿನ 6. 1960ರ ದಶಕದಲ್ಲಿ ಅಮೆರಿಕದಲ್ಲಿ, ಯೋಚನೆಗಳನ್ನು ಹೀಗೆ ಪರೀಕ್ಷಿಸಿ ನೋಡುವ ಚಿಕಿತ್ಸೆ ರೂಪಿಸಿದ ಮನೋವೈದ್ಯ ಆರನ್ ಬೆಕ್ ಅವರಿಗೂ ಮಂಡ್ಯದ ಒಬ್ಬ ತಾಯಿಯ ನಮಸ್ಕಾರ.

ಡಾಕ್ಟರ್ ಹತ್ತಿರ ಹೋಗೋದು ಇನ್ನೂ ಇದೆ. ಮತ್ತೆ ಮನಸ್ಸು ಕುಸಿದರೆ ಏನು ಮಾಡಬೇಕು, ಯಾರನ್ನು ಕರೆಯಬೇಕು ಅಂತ ಅವಳೇ ಬರೆದು ಬೀರು ಬಾಗಿಲಿಗೆ ಅಂಟಿಸಿದ್ದಾಳೆ. ಮೊದಲ ಹೆಸರು ನಿಮ್ಮದೇ ಅಕ್ಕ. ಈ ಸಲ ಗೌರಿ ಹಬ್ಬಕ್ಕೆ ಬಾಗಿನ ಹಿಡಿದುಕೊಂಡು ಇಬ್ಬರೂ ಮೊದಲು ನಿಮ್ಮ ಮನೆಗೇ ಬರುತ್ತೇವೆ. ಅವತ್ತೊಂದು ದಿನ ರಜೆ ಹಾಕಿ ಮನೇಲಿರಿ.