ಗಾಯ ಎಲ್ಲಿ ಆಯಿತು ಅಂತ ಮೊದಲು ಕೇಳೋಣ

ಮಾನ್ಯ ಸಂಪಾದಕರೇ,

ಕುಡಿತದ ಬಗ್ಗೆ ಓದುಗರ ಪತ್ರ ಬಂದಾಗೆಲ್ಲ ಎರಡೇ ಮಾತು ಕಾಣುತ್ತದೆ. ಪೂರ್ತಿ ನಿಷೇಧ ಮಾಡಿ ಅನ್ನುವುದು ಒಂದು, ಕುಡಿಯೋದು ಅವರವರ ಇಷ್ಟ, ಬಿಟ್ಟುಬಿಡಿ ಅನ್ನುವುದು ಇನ್ನೊಂದು. ನಾನು ತುರ್ತು ವಿಭಾಗದಲ್ಲಿ ರಾತ್ರಿ ಪಾಳಿ ಮಾಡುವ ನರ್ಸ್. ಇವೆರಡರ ನಡುವೆ ಜನರೇ ಸೇರಿ ಮಾಡಬಹುದಾದ ಕೆಲಸ ಬೇಕಾದಷ್ಟಿದೆ.

ತಡರಾತ್ರಿ ಬರುವ ಗಾಯಗಳು ಹೆಚ್ಚುಕಡಿಮೆ ಒಂದೇ ಥರ. ಹಣೆ ಒಡೆದಿರುತ್ತದೆ, ಕೆನ್ನೆಗೆ ಗಾಜು ಚುಚ್ಚಿರುತ್ತದೆ, ಬೈಕಿನಿಂದ ಬಿದ್ದು ಮೊಣಕೈ ತರಚಿರುತ್ತದೆ. ಹೊಲಿಗೆ ಹಾಕಿ ಕಳಿಸುತ್ತೇವೆ. ಮುಂದಿನ ವಾರ ಅದೇ ಜಾಗದಿಂದ ಇನ್ನೊಬ್ಬರು ಬರುತ್ತಾರೆ. ಹೆದರಿಕೆಗೋ ನಾಚಿಕೆಗೋ ಎಷ್ಟೋ ಜನ ದೂರು ಕೊಡುವುದೇ ಇಲ್ಲ. ಹಾಗಾಗಿ ಯಾವ ಜಾಗ, ಯಾವ ಹೊತ್ತು ಅಪಾಯದ್ದು ಅಂತ ಪೊಲೀಸರಿಗೆ ಗೊತ್ತಾಗುವುದಿಲ್ಲ. ನಮಗೆ ಗೊತ್ತಿರುತ್ತದೆ, ಆದರೆ ನಮ್ಮನ್ನು ಕೇಳುವವರಿಲ್ಲ.

ಬ್ರಿಟನ್ನಿನ ಕಾರ್ಡಿಫ್ ನಗರದಲ್ಲಿ ಮುಖದ ಗಾಯಗಳಿಗೆ ಆಪರೇಷನ್ ಮಾಡುತ್ತಿದ್ದ ಜೊನಾಥನ್ ಶೆಫರ್ಡ್ ಎಂಬ ಸರ್ಜನ್ ಇದನ್ನೇ ಗಮನಿಸಿದರು. ಅವರ ಉಪಾಯ ತುಂಬಾ ಸರಳ. ಗಾಯಗೊಂಡು ಬಂದವರನ್ನು ಆಸ್ಪತ್ರೆಯ ಕೌಂಟರಿನಲ್ಲೇ ಎಲ್ಲಿ ಆಯಿತು, ಎಷ್ಟು ಹೊತ್ತಿಗೆ, ಯಾವುದರಿಂದ ಹೊಡೆದರು ಅಂತ ಕೇಳುವುದು, ಆಮೇಲೆ ಹೆಸರು ತೆಗೆದುಹಾಕಿ ಆ ಮಾಹಿತಿಯನ್ನು ಪೊಲೀಸರಿಗೂ ನಗರಾಡಳಿತಕ್ಕೂ ಕೊಡುವುದು, ಎಲ್ಲರೂ ಒಟ್ಟಿಗೆ ಕೂತು ಏನು ಮಾಡೋಣ ಅಂತ ಮಾತಾಡುವುದು. ಅದರ ಮೇಲೆ ಗಸ್ತು ಬದಲಾಯಿತು, ಒಡೆದರೂ ಮುಖ ಸೀಳದಂಥ ಲೋಟ ಬಳಸಿ ಅಂತ ಒತ್ತಾಯಿಸಿದರು. 2000ರಿಂದ 2007ರವರೆಗಿನ ಲೆಕ್ಕ ನೋಡಿದಾಗ, ಅದೇ ಥರದ ಬೇರೆ ನಗರಗಳಿಗೆ ಹೋಲಿಸಿದರೆ ಹೊಡೆದಾಟದಿಂದ ಆಸ್ಪತ್ರೆಗೆ ದಾಖಲಾಗುವವರು ಶೇ 42ರಷ್ಟು ಕಡಿಮೆ ಆಗಿದ್ದರು. ಯಾರಿಗೂ ಕುಡಿಯಬೇಡಿ ಅಂತ ಉಪದೇಶ ಮಾಡಿರಲಿಲ್ಲ.

ಹೊತ್ತಿನ ವಿಷಯವೂ ಹಾಗೇ. ಬ್ರೆಜಿಲ್‌ನ ಡಿಯಾಡೆಮಾ ಎಂಬ ನಗರದಲ್ಲಿ ಕೊಲೆಗಳು ಹೆಚ್ಚಾಗಿ ರಾತ್ರಿ 11ರ ಮೇಲೆ ಆಗುತ್ತಿದ್ದವು. 2002ರಲ್ಲಿ ಆ ಹೊತ್ತಿನಿಂದ ಬೆಳಿಗ್ಗೆ 6ರವರೆಗೆ ಮದ್ಯ ಮಾರಾಟ ನಿಲ್ಲಿಸಿದರು. ತಿಂಗಳಿಗೆ ಸುಮಾರು 9 ಕೊಲೆ ತಪ್ಪಿತು ಅಂತ ಆಮೇಲೆ ಲೆಕ್ಕ ಹಾಕಿದ್ದಾರೆ. ಒಂಬತ್ತು ಜೀವ ಅಂದರೆ ಒಂಬತ್ತು ಮನೆ.

ಇದರಿಂದ ಮನೆಯೊಳಗಿನ ಏಟು ನಿಲ್ಲುವುದಿಲ್ಲ, ಅದೂ ನನಗೆ ಗೊತ್ತು. ಬಾತ್‌ರೂಮಿನಲ್ಲಿ ಜಾರಿ ಬಿದ್ದೆ ಅನ್ನುವ ಹೆಂಗಸರನ್ನು ಎಷ್ಟು ಸಲ ನೋಡಿದ್ದೇನೋ. ಜೊತೆಗೆ ಬಂದವರನ್ನು ಹೊರಗೆ ಕೂರಿಸಿ, ಅವರೊಬ್ಬರೇ ಇದ್ದಾಗ ಮೆಲ್ಲಗೆ ಇನ್ನೊಮ್ಮೆ ಕೇಳಬೇಕು. ಹಾಗೆ ಕೇಳುವುದಕ್ಕೆ ಒಂದು ಬಾಗಿಲಿರುವ ಕೋಣೆ ಬೇಕು, ಹೇಳಿಕೊಂಡ ಮೇಲೆ ಹೋಗುವುದಕ್ಕೆ ಒಂದು ಜಾಗವೂ ಬೇಕು.

ಇನ್ನೊಂದು ಮಾತು ಎಲ್ಲರೂ ತಿಳಿದಿರಲೇಬೇಕು. ಎಷ್ಟೋ ವರ್ಷದಿಂದ ದಿನಾ ಜಾಸ್ತಿ ಕುಡಿಯುತ್ತಿದ್ದವರನ್ನು ರೂಮಿನಲ್ಲಿ ಕೂಡಿಹಾಕಿ ಒಂದೇ ಸಲಕ್ಕೆ ಬಿಡಿಸಲು ಹೋಗಬೇಡಿ. ಎರಡು ಮೂರು ದಿನದಲ್ಲೇ ಕೈ ನಡುಗಿ, ಫಿಟ್ಸ್ ಬಂದು, ಇಲ್ಲದ್ದೆಲ್ಲ ಕಣ್ಣಿಗೆ ಕಂಡು, ಜೀವವೇ ಹೋಗಬಹುದು. ಮನೆಯವರು ಒಳ್ಳೆಯದಕ್ಕೇ ಮಾಡಿರುತ್ತಾರೆ, ಆದರೆ ಇದು ಡಾಕ್ಟರ ಕಣ್ಗಾವಲಿನಲ್ಲೇ ಆಗಬೇಕಾದ ಕೆಲಸ. ಮರ್ಯಾದೆ ಹೋಗುತ್ತದೆ ಅಂತ ಮುಚ್ಚಿಡುವುದರಿಂದಲೇ ಅವರು ನಮ್ಮ ಹತ್ತಿರ ಬರುವಷ್ಟರಲ್ಲಿ ತಡವಾಗಿರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಇಡೀ ಪ್ರಪಂಚದಲ್ಲಿ ಮದ್ಯದಿಂದ ಸತ್ತವರು 26 ಲಕ್ಷ. ಅದರಲ್ಲಿ 7 ಲಕ್ಷಕ್ಕೂ ಹೆಚ್ಚು ಸಾವು ಅಪಘಾತ, ಹೊಡೆದಾಟ, ಆತ್ಮಹತ್ಯೆಯಂಥವು. ಅಂದರೆ ಒಂದು ಲೋಟವನ್ನೂ ಮುಟ್ಟದೆ ರಸ್ತೆ ದಾಟುತ್ತಿದ್ದವರೂ ಇದರಲ್ಲಿ ಸೇರಿದ್ದಾರೆ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ತಿಂಗಳಿಗೊಮ್ಮೆ ಒಂದು ಗಂಟೆ ಆಸ್ಪತ್ರೆಯವರು, ಪೊಲೀಸರು, ಮದ್ಯ ಮಾರುವವರು, ಅಕ್ಕಪಕ್ಕದ ನಿವಾಸಿಗಳು, ಕುಡಿತ ಬಿಟ್ಟು ಬಂದವರು ಒಂದೇ ಮೇಜಿನ ಸುತ್ತ ಕೂರಲಿ. ಮಾರುವವರನ್ನು ಕಳ್ಳರ ಹಾಗೆ ನೋಡುವುದು ಬೇಡ, ತೂರಾಡುತ್ತಿರುವವನಿಗೆ ಮತ್ತೆ ಸುರಿದು ಕೊಡುವುದಿಲ್ಲ ಅಂತ ಅವರು ಒಪ್ಪಿದರೆ ನನ್ನ ಅರ್ಧ ರಾತ್ರಿ ನೆಮ್ಮದಿಯಾಗಿ ಕಳೆಯುತ್ತದೆ. ಈ ತಿಂಗಳಿಂದ ನಾನು ಒಂದು ನೋಟ್‌ಬುಕ್ಕಿನಲ್ಲಿ ಜಾಗ, ಹೊತ್ತು, ಯಾವುದರಿಂದ ಏಟು ಅಂತಷ್ಟೇ ಬರೆದಿಡುತ್ತಿದ್ದೇನೆ, ಹೆಸರು ಬರೆಯುತ್ತಿಲ್ಲ. ಅಂಥ ಸಭೆ ಯಾರಾದರೂ ಕರೆದರೆ ಪಾಳಿ ಮುಗಿಸಿ ನೇರ ಅಲ್ಲಿಗೇ ತರುತ್ತೇನೆ.

ಇಂತಿ,
ರಾತ್ರಿ ಪಾಳಿಯ ಒಬ್ಬ ನರ್ಸ್