ಅಂಚು ಬಿಟ್ಟು ಬಂದ ಮೇಲೆ

ಪ್ರಿಯ ಗೆಳೆಯ,

ನೀನು ಸ್ಕೂಟರ್ ಕೊಂಡ ಸುದ್ದಿ ತಿಳಿದ ದಿನವೇ ಸಂತೋಷದ ಎರಡು ಸಾಲು ಬರೆದು ಕಳಿಸಿದ್ದೆ. ಆದರೆ ಆ ಗಾಡಿಯಲ್ಲಿ ದಿನವೂ ಹಳ್ಳಿಗಾಡಿನ ರಸ್ತೆಯಲ್ಲಿ ಹೋಗಿಬರುತ್ತೇನೆ ಎಂದು ನೀನು ತಿಳಿಸಿದ ಮೇಲೆ, ಅಷ್ಟಕ್ಕೇ ಸುಮ್ಮನಾಗುವುದು ತಪ್ಪೆನಿಸಿತು. ಇದನ್ನು ನಿನಗೊಬ್ಬನಿಗೇ ಕಳಿಸಬಹುದಿತ್ತು. ಎಲ್ಲರೂ ಓದುವಂತೆ ಇಡುತ್ತಿರುವುದಕ್ಕೆ ಕಾರಣವಿದೆ: ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡುವ ವಾಹನಗಳ ನಡುವೆ 40ರಲ್ಲಿ ಸಾಗುವವರು ನಾವಿಬ್ಬರೇ ಅಲ್ಲ, ಮತ್ತು ನಮ್ಮಂಥವರಿಗೆ ಗಾಡಿ ಓಡಿಸಲು ಕಲಿಸಿದವರು ರಸ್ತೆಯಲ್ಲಿ ಎಲ್ಲಿರಬೇಕೆಂಬುದನ್ನು ಕಲಿಸಿರುವುದಿಲ್ಲ. ಕೊಡೆಯ ಪ್ರಸಂಗವನ್ನು ಮಾತ್ರ ಇಲ್ಲಿ ಎತ್ತುವುದಿಲ್ಲ. ಅದು ನಮ್ಮಿಬ್ಬರಲ್ಲೇ ಇರಲಿ.

ಇಷ್ಟು ವರ್ಷ ನಾನು ರಸ್ತೆಯ ಅಂಚಿನಲ್ಲೇ ಓಡಿಸಿದೆ. ಡಾಂಬರು ಮುಗಿದು ಮಣ್ಣು ಶುರುವಾಗುವ ಗೆರೆಯಿಂದ ಒಂದು ಗೇಣು ಒಳಗೆ, ಅಷ್ಟೇ ನನ್ನ ಪಾಲಿನ ರಸ್ತೆ ಎಂದು ನಂಬಿದ್ದೆ. ವೇಗವಾಗಿ ಬರುವವರಿಗೆ ದಾರಿ ಬಿಟ್ಟುಕೊಟ್ಟಷ್ಟೂ ನಾನು ಸುರಕ್ಷಿತ ಎಂಬುದು ನನ್ನ ಲೆಕ್ಕ. ಆ ಲೆಕ್ಕ ತಲೆಕೆಳಗಾಗಿತ್ತು ಎಂಬುದು ಈಗ ತಿಳಿಯುತ್ತಿದೆ. ಅಂಚಿಗೆ ಅಂಟಿಕೊಂಡ ಸ್ಕೂಟರನ್ನು ಕಂಡ ಹಿಂದಿನ ಚಾಲಕನಿಗೆ, ಎದುರಿನಿಂದ ಇನ್ನೊಂದು ವಾಹನ ಬರುತ್ತಿದ್ದರೂ, ನಡುವೆ ನುಸುಳಲು ಜಾಗವಿದೆ ಎನಿಸುತ್ತದೆ. ಅವನು ವೇಗ ತಗ್ಗಿಸದೆ ನಮ್ಮ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿ ಹಾದುಹೋಗುತ್ತಾನೆ. ಅದೇ ಸ್ಕೂಟರ್ ನಮ್ಮ ಬದಿಯ ಅರ್ಧ ರಸ್ತೆಯ ಮಧ್ಯದಲ್ಲಿದ್ದರೆ, ಅವನು ದೂರದಿಂದಲೇ ತೀರ್ಮಾನಿಸಬೇಕಾಗುತ್ತದೆ: ಆಚೆ ಬದಿ ಖಾಲಿಯಿದ್ದರೆ ಪೂರ್ತಿಯಾಗಿ ಅತ್ತ ಸರಿದು ಮುಂದೆ ಹೋಗಬೇಕು, ಇಲ್ಲದಿದ್ದರೆ ಕಾಯಬೇಕು. ಒಂದು ವೇಳೆ ಅವನು ತಪ್ಪು ತೀರ್ಮಾನಿಸಿ ಹತ್ತಿರ ಬಂದರೂ, ಸರಿದುಕೊಳ್ಳಲು ನಮ್ಮ ಪಕ್ಕದಲ್ಲಿ ಒಂದಿಷ್ಟು ಡಾಂಬರು ಉಳಿದಿರುತ್ತದೆ. ಅಂಚಿನಲ್ಲೇ ಇರುವವನಿಗೆ ಸರಿಯಲು ಜಾಗವೆಲ್ಲಿ?

ಇದನ್ನು ನಾನು ಯೋಚಿಸಿ ಕಂಡುಕೊಳ್ಳಲಿಲ್ಲ, ಬಿದ್ದು ಕಂಡುಕೊಂಡೆ. ಸ್ಕೂಟರಿನ ಪಕ್ಕದ ಗೀರುಗಳನ್ನು ನೋಡಿ ನೀನು ಕೇಳಿದಾಗ, ನಿಲ್ಲಿಸಿದ್ದ ಗಾಡಿ ಸ್ಟ್ಯಾಂಡಿನಿಂದ ಜಾರಿತು ಎಂದಿದ್ದೆ. ಅದು ಸುಳ್ಳು. ಆ ಸಂಜೆ ಹಿಂದಿನಿಂದ ಒಂದು ಲಾರಿ ಬರುತ್ತಿತ್ತು. ಅದು ಹಾರ್ನ್ ಕೂಡ ಮಾಡಿರಲಿಲ್ಲ. ಸದ್ದು ಕೇಳಿದ ಮಾತ್ರಕ್ಕೆ ನಾನು ಇನ್ನಷ್ಟು ಅಂಚಿಗೆ ಸರಿದೆ. ಮುಂದಿನ ಚಕ್ರ ಡಾಂಬರಿನಿಂದ ಕೆಳಗಿಳಿಯಿತು. ಅಲ್ಲಿ ಡಾಂಬರಿಗೂ ಮಣ್ಣಿಗೂ ನಾಲ್ಕು ಬೆರಳಿನಷ್ಟು ಎತ್ತರದ ವ್ಯತ್ಯಾಸವಿತ್ತು. ಗಾಬರಿಯಿಂದ ಹ್ಯಾಂಡಲ್ಲನ್ನು ತುಸುವೇ ತಿರುಗಿಸಿ ಮೇಲೆ ಹತ್ತಲು ನೋಡಿದೆ. ಚಕ್ರ ಹತ್ತಲಿಲ್ಲ, ಆ ಅಂಚನ್ನೇ ಉಜ್ಜುತ್ತಾ ಒಂದೆರಡು ಮಾರು ಹೋಯಿತು, ಆಮೇಲೆ ಹ್ಯಾಂಡಲ್ ಒಮ್ಮೆಲೇ ಅಡ್ಡ ತಿರುಗಿತು. ಕೈಗವಸು ಹಾಕಿರಲಿಲ್ಲ. ಅಂಗೈಯಲ್ಲಿ ಹೊಕ್ಕ ಸಣ್ಣ ಜಲ್ಲಿಕಲ್ಲುಗಳನ್ನು ಆಮೇಲೆ ಒಂದೊಂದಾಗಿ ತೆಗೆಯಬೇಕಾಯಿತು. ಹಾಗೆ ಚಕ್ರ ಇಳಿದಾಗ ಮಾಡಬೇಕಾದದ್ದು ಬೇರೆಯೇ ಇತ್ತು: ಹ್ಯಾಂಡಲ್ ನೇರವಾಗಿಯೇ ಹಿಡಿದು, ಆಕ್ಸಿಲರೇಟರ್ ಬಿಟ್ಟು, ಮಣ್ಣಿನ ಮೇಲೆಯೇ ನಿಧಾನವಾಗಿ ನಿಲ್ಲಿಸಿ, ಹಿಂದೆ ಯಾರೂ ಇಲ್ಲದಿರುವಾಗ ಅಂಚಿಗೆ ಸಾಧ್ಯವಾದಷ್ಟು ಅಡ್ಡವಾಗಿ ಚಕ್ರ ಕೊಟ್ಟು ಮೇಲೆ ಹತ್ತಬೇಕಿತ್ತು.

ಬಿದ್ದದ್ದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಇನ್ನೊಂದು. ಹುಲ್ಲಿನಲ್ಲಿ ಬಿದ್ದಿದ್ದ ನನಗೆ ಮೊದಲು ಹೊಳೆದದ್ದು ‘ಸದ್ಯ, ಲಾರಿಗೆ ಅಡ್ಡವಾಗಲಿಲ್ಲ’ ಎಂಬ ಸಮಾಧಾನ. ಮೈಗೆ ಏನಾಗಿದೆ ಎಂದು ನೋಡಿಕೊಳ್ಳುವುದಕ್ಕೂ ಮೊದಲು ಅದು ಬಂತು. ಆಮೇಲೆ ಎರಡು ತಿಂಗಳು ನಾನು ಸ್ಕೂಟರ್ ಮುಟ್ಟಲಿಲ್ಲ. ಗಾಡಿ ರಿಪೇರಿಗೆ ಬಿಟ್ಟಿದ್ದೇನೆ ಎಂದು ನಿನಗೆ ಹೇಳಿದ್ದೂ ಸುಳ್ಳೇ. ಆ ಎರಡು ತಿಂಗಳಲ್ಲಿ ಮತ್ತೆ ಮತ್ತೆ ನೆನೆದದ್ದು ಆ ಸಮಾಧಾನವನ್ನು. ನನ್ನ ಹಿಂದೆ ಯಾರೋ ಕಾಯುತ್ತಿದ್ದಾರೆ ಎಂಬುದು ನನಗೆ ಯಾವತ್ತೂ ಸಹಿಸಲಾಗದ ಸಂಗತಿ. ಸಾಲಿನಲ್ಲಿ ನಿಂತಾಗ ನನ್ನ ಸರದಿ ಬಂದರೆ ಕೇಳಬೇಕಾದ್ದನ್ನು ಅರ್ಧಕ್ಕೆ ಬಿಟ್ಟು ಸರಿದುಬಿಡುತ್ತೇನೆ; ಮಾತಿನ ನಡುವೆ ಇನ್ನೊಬ್ಬರು ಬಾಯಿ ತೆರೆದರೆ ನನ್ನ ವಾಕ್ಯವನ್ನು ಅಲ್ಲೇ ನುಂಗುತ್ತೇನೆ. ವೇಗದ ವಾಹನಗಳ ಭಯ ಎಂದು ನಾನು ಕರೆಯುತ್ತಿದ್ದುದರಲ್ಲಿ ಹೆಚ್ಚಿನ ಪಾಲು ಇದೇ ಸಂಕೋಚವಾಗಿತ್ತು. ಇಷ್ಟನ್ನು ಬರೆಯಬೇಕೆಂದು ಕುಳಿತಿರಲಿಲ್ಲ. ಬರೆದದ್ದನ್ನು ಅಳಿಸುವುದಿಲ್ಲ, ಆದರೆ ಸ್ಕೂಟರಿಗೇ ಮರಳುತ್ತೇನೆ.

ಮತ್ತೆ ಗಾಡಿ ಹೊರಗೆ ತೆಗೆದ ಮೇಲೆ ನಾನು ಮೊದಲು ಅಭ್ಯಾಸ ಮಾಡಿಕೊಂಡದ್ದು ಕನ್ನಡಿಯನ್ನು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವ ನಿನ್ನನ್ನು 80ರಲ್ಲಿ ಬರುವ ಕಾರು ಸೆಕೆಂಡಿಗೆ ಸುಮಾರು 11 ಮೀಟರ್‌ನಂತೆ ಸಮೀಪಿಸುತ್ತದೆ. 220 ಮೀಟರ್ ಹಿಂದೆ ಚುಕ್ಕೆಯಂತೆ ಕಂಡದ್ದು 20 ಸೆಕೆಂಡಿನಲ್ಲಿ ನಿನ್ನ ಬೆನ್ನಿಗೆ ಬಂದಿರುತ್ತದೆ. ಹಾಗಾಗಿ ಆರೇಳು ಸೆಕೆಂಡಿಗೊಮ್ಮೆ ಕನ್ನಡಿ ನೋಡಿದರೆ ಯಾವ ವಾಹನವೂ ಹಠಾತ್ತನೆ ಪ್ರತ್ಯಕ್ಷವಾಗುವುದಿಲ್ಲ. ಸ್ಕೂಟರಿನ ಉಬ್ಬುಗನ್ನಡಿಯಲ್ಲಿ ವಸ್ತುಗಳು ಇರುವುದಕ್ಕಿಂತ ಚಿಕ್ಕದಾಗಿ, ದೂರದಲ್ಲಿರುವಂತೆ ಕಾಣುತ್ತವೆ ಎಂಬುದು ನೆನಪಿರಲಿ. ಕನ್ನಡಿಯಲ್ಲಿ ಅರ್ಧದಷ್ಟು ನಿನ್ನ ಭುಜವೇ ಕಾಣುತ್ತಿದ್ದರೆ ಅದನ್ನು ಇವತ್ತೇ ಹೊರಕ್ಕೆ ತಿರುಗಿಸು. ಆ ಚಾಲಕನ ಕಷ್ಟವೂ ನಿಜವಾದದ್ದೇ: ಸ್ಕೂಟರಿನಂಥ ಚಿಕ್ಕ ಆಕೃತಿ ಎಷ್ಟು ಬೇಗ ಹತ್ತಿರವಾಗುತ್ತಿದೆ ಎಂಬುದನ್ನು ಕಣ್ಣು ತಡವಾಗಿ ಅಳೆಯುತ್ತದೆ, ರಾತ್ರಿ ಒಂದೇ ದೀಪವಿದ್ದಾಗಲಂತೂ ಇನ್ನೂ ತಡ. ಹಗಲಿನಲ್ಲೂ ದೀಪ ಹಚ್ಚಿಡುವುದು, ಬೆನ್ನಿಗೆ ಎದ್ದು ಕಾಣುವ ಬಣ್ಣದ ಬಟ್ಟೆ ತೊಡುವುದು, ವೇಗ ತಗ್ಗಿಸುವ ಮೊದಲು ಬ್ರೇಕನ್ನು ಎರಡು ಮೂರು ಸಲ ಮೆಲ್ಲಗೆ ಒತ್ತಿ ಹಿಂದಿನ ಕೆಂಪು ದೀಪ ಮಿನುಗಿಸುವುದು, ಇವೆಲ್ಲ ಅವನಿಗೆ ನಾವು ಕೊಡುವ ಸಮಯ.

ಬೆಳಿಗ್ಗೆ ಮತ್ತು ಸಂಜೆ, ಸೂರ್ಯ ಕೆಳಗಿರುವಾಗ, ನಿನ್ನ ನೆರಳು ಯಾವ ಕಡೆಗೆ ಉದ್ದಕ್ಕೆ ಚಾಚಿದೆ ನೋಡು. ನೆರಳು ಮುಂದಕ್ಕೆ ಬಿದ್ದಿದ್ದರೆ ಎದುರಿನಿಂದ ಬರುವವನ ಕಣ್ಣಿಗೆ ಬಿಸಿಲು ಹೊಡೆಯುತ್ತಿರುತ್ತದೆ, ಹಿಂದಕ್ಕೆ ಬಿದ್ದಿದ್ದರೆ ಬೆನ್ನ ಹಿಂದೆ ಬರುವವನಿಗೆ. ನೆರಳು ಚಾಚಿದ ಕಡೆಯವನಿಗೆ ನೀನು ಕಾಣುತ್ತಿಲ್ಲ ಎಂದೇ ತಿಳಿದು ಓಡಿಸು.

ಅಂಚು ಬಿಟ್ಟು ಬಾ ಎಂದೆನಲ್ಲ, ಹಾಗೆಂದು ಯಾವಾಗಲೂ ನಟ್ಟನಡುವೆ ಇರಬೇಕೆಂದಲ್ಲ. ದಾರಿ ಅಗಲವಾಗಿ, ದೂರದವರೆಗೆ ಕಾಣುತ್ತಿರುವಾಗ ಕಾರುಗಳ ಅಂಚಿನ ಕಡೆಯ ಚಕ್ರ ಉರುಳುವ ಜಾಡಿನಲ್ಲಿ ಹೋಗುತ್ತೇನೆ. ಟಯರುಗಳು ಗುಡಿಸಿದ ಆ ಜಾಡು ಚೊಕ್ಕಟವಾಗಿರುತ್ತದೆ. ಅವು ಎರಚಿದ ಮರಳು, ಜಲ್ಲಿ, ಗಾಜಿನ ಚೂರು ಎಲ್ಲವೂ ಅದರಾಚೆ ಅಂಚಿನಲ್ಲಿ ಬಿದ್ದಿರುತ್ತವೆ. ರಸ್ತೆ ಕಿರಿದಾದಾಗ, ಸೇತುವೆ ಬಂದಾಗ, ನನ್ನನ್ನು ಹಿಂದೆ ಹಾಕಲು ಯಾರಿಗೂ ನಿಜವಾಗಿ ಜಾಗವಿಲ್ಲದ ಕಡೆಗಳಲ್ಲಿ, ಮುಂಚಿತವಾಗಿ ಕನ್ನಡಿ ನೋಡಿ ಮಧ್ಯಕ್ಕೆ ಬರುತ್ತೇನೆ. ತಿರುವುಗಳಲ್ಲಿ ಮಾತ್ರ ರಸ್ತೆಯ ನಡುಗೆರೆಯಿಂದ ದೂರವಿರುತ್ತೇನೆ, ಏಕೆಂದರೆ ಎದುರಿನವರು ತಿರುವನ್ನು ಕತ್ತರಿಸಿಕೊಂಡು ನಮ್ಮ ಬದಿಗೆ ಬರುವುದು ಅಲ್ಲಿಯೇ. ಏರಿನ ನೆತ್ತಿ ದಾಟಿದ ಕೂಡಲೇ ಯಾವ ಕಾರಣಕ್ಕೂ ನಿಲ್ಲುವುದಿಲ್ಲ. ಹಿಂದಿನವನಿಗೆ ನಾನು ಅಲ್ಲಿರುವುದು ನೆತ್ತಿಗೆ ಬಂದ ಮೇಲಷ್ಟೇ ಗೊತ್ತಾಗುತ್ತದೆ.

ಲಾರಿ ಹಾದುಹೋಗುವಾಗಿನ ಗಾಳಿಯ ಬಗ್ಗೆ ನೀನು ಕೇಳಿದ್ದೆ. ಅದರ ಮೂತಿ ನಿನ್ನ ಸಮಕ್ಕೆ ಬರುವಾಗ ಗಾಳಿ ಹೊರಕ್ಕೆ ತಳ್ಳುತ್ತದೆ, ಬಾಲ ದಾಟುವಾಗ ಒಳಕ್ಕೆ ಎಳೆಯುತ್ತದೆ. ತಳ್ಳಿದ್ದನ್ನು ಎದುರಿಸಲು ಹ್ಯಾಂಡಲ್ ಬಿಗಿಹಿಡಿದು ವಾಲಿದವನು, ಎಳೆಯುವ ಕ್ಷಣದಲ್ಲಿ ತಾನೂ ಅತ್ತಲೇ ಹೋಗುತ್ತಾನೆ. ಮೊಣಕೈ ಸಡಿಲಬಿಟ್ಟು, ಮೊಣಕಾಲು ಹತ್ತಿರ ತಂದು, ಲಾರಿಯನ್ನು ನೋಡದೆ ದೂರದ ರಸ್ತೆಯನ್ನು ನೋಡುತ್ತಿದ್ದರೆ ಗಾಡಿ ತುಸು ಓಲಾಡಿ ತಾನೇ ಸರಿಹೋಗುತ್ತದೆ. ಕಣ್ಣು ಎತ್ತ ನೆಡುತ್ತದೋ ಗಾಡಿ ಅತ್ತಲೇ ಸಾಗುವುದು ಗುಂಡಿಯ ವಿಷಯದಲ್ಲೂ ಅಷ್ಟೇ ನಿಜ. ಮೋಟಾರ್‌ಸೈಕಲ್ಲಿನ 17 ಅಥವಾ 18 ಅಂಗುಲದ ಚಕ್ರ ತೇಲಿಕೊಂಡು ದಾಟುವ ಗುಂಡಿಗೆ ನಮ್ಮ 10 ಅಂಗುಲದ ಚಕ್ರ ಪೂರ್ತಿ ಇಳಿದು, ಆಚೆಯ ಅಂಚಿಗೆ ಗೋಡೆಗೆ ಹೊಡೆದಂತೆ ಹೊಡೆಯುತ್ತದೆ.

ಹಿಂದಿನವರು ಅವಸರಪಡಿಸಿದಾಗ ವೇಗ ಹೆಚ್ಚಿಸುವ ಆಸೆಯಾಗುತ್ತದೆ, ನನಗಂತೂ ಆಗುತ್ತಿತ್ತು. ಒಣ ರಸ್ತೆಯಲ್ಲಿ ಬ್ರೇಕು ಚೆನ್ನಾಗಿರುವ ಸ್ಕೂಟರ್ 40ರ ವೇಗದಿಂದ ನಿಲ್ಲಲು, ಅಪಾಯ ಕಂಡು ಕೈ ಚುರುಕಾಗಲು ಬೇಕಾಗುವ ಒಂದೂವರೆ ಸೆಕೆಂಡನ್ನೂ ಸೇರಿಸಿಕೊಂಡರೆ, ಸುಮಾರು 27 ಮೀಟರ್ ಬೇಕು. 60ರಲ್ಲಿದ್ದರೆ ಹೆಚ್ಚುಕಡಿಮೆ 50 ಮೀಟರ್. ನಿಲ್ಲಿಸುವ ಕೆಲಸದಲ್ಲಿ ಹೆಚ್ಚಿನ ಪಾಲು ಮುಂದಿನ ಬ್ರೇಕಿನದು, ಏಕೆಂದರೆ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಹಾಗಾಗಿ ಎರಡನ್ನೂ ಸೇರಿಸಿ, ಮೊದಲು ಮೆತ್ತಗೆ, ಆಮೇಲೆ ಗಟ್ಟಿಯಾಗಿ ಹಿಡಿಯುವುದನ್ನು ಖಾಲಿ ಜಾಗದಲ್ಲಿ ಅಭ್ಯಾಸ ಮಾಡು. ಮರಳಿನ ಮೇಲಾಗಲೀ ಗಾಡಿ ವಾಲಿರುವಾಗಲಾಗಲೀ ಮುಂದಿನದನ್ನು ಜಗ್ಗಬೇಡ.

ದಾರಿ ಬಿಡುವುದನ್ನು ನಾನು ನಿಲ್ಲಿಸಿಲ್ಲ. ಎಲ್ಲಿ ಬಿಡಬೇಕೆಂಬುದನ್ನು ಈಗ ನಾನೇ ಆರಿಸುತ್ತೇನೆ. ಹಿಂದೆ ಮೂರು ನಾಲ್ಕು ವಾಹನಗಳು ಸೇರಿದರೆ, ಪಕ್ಕದ ನೆಲ ಗಟ್ಟಿಯಾಗಿ ಡಾಂಬರಿನ ಸಮಕ್ಕೆ ಇರುವ ಜಾಗವನ್ನು ಮುಂಚೆಯೇ ಗುರುತಿಸಿ, ಇಂಡಿಕೇಟರ್ ಹಾಕಿ, ಮೆಲ್ಲಗೆ ಹೊರಗೆ ಬಂದು ಪೂರ್ತಿ ನಿಲ್ಲುತ್ತೇನೆ. ಎದುರಿನ ಸಾಲನ್ನು ದಾಟಿ ಪಕ್ಕದ ದಾರಿಗೆ ತಿರುಗಬೇಕಾದಾಗಲೂ ಹಾಗೆಯೇ. ವೇಗದ ವಾಹನಗಳಿಗೆ ಬೆನ್ನು ಕೊಟ್ಟು ರಸ್ತೆಯ ನಡುವೆ ಕಾಯುವುದಕ್ಕಿಂತ, ಮೊದಲು ನಮ್ಮ ಬದಿಯಲ್ಲೇ ಹೊರಗೆ ನಿಂತು, ಎರಡೂ ಕಡೆ ಖಾಲಿಯಾದ ಮೇಲೆ ಒಂದೇ ಸಲಕ್ಕೆ ದಾಟುತ್ತೇನೆ. ಮೊನ್ನೆ ಹಾಗೆ ನಿಂತಾಗ ಮೊದಲು ಹಾದುಹೋದ ಲಾರಿಯವನು ಕೈ ಎತ್ತಿ ತೋರಿಸಿದ. ನಾನೂ ಎತ್ತಿದೆ. ಆ ಕೈಯಲ್ಲಿ ಕೈಗವಸಿತ್ತು.

ಮುಂದಿನ ಸಲ ನಾವಿಬ್ಬರೂ ಒಟ್ಟಿಗೆ ಹೊರಟಾಗ ಜೋಡಿಯಾಗಿ ಮಾತಾಡಿಕೊಂಡು ಹೋಗುವುದು ಬೇಡ. ನಿನ್ನ ಗಾಡಿ ನಿಧಾನದ್ದು, ನೀನು ಮುಂದಿರು. ನನಗೂ ನಿನಗೂ ನಡುವೆ ಒಂದು ಕಾರು ಆರಾಮವಾಗಿ ಬಂದು ಸೇರುವಷ್ಟು ಅಂತರವಿರಲಿ, ಆಗ ಹಿಂದಿನವರು ನಮ್ಮನ್ನು ಒಬ್ಬೊಬ್ಬರನ್ನಾಗಿ ದಾಟಬಹುದು. ನಾನು ನಿನ್ನ ಹಿಂದೆ ಬರುತ್ತಿರುತ್ತೇನೆ, ಕನ್ನಡಿಯಲ್ಲಿ ನೋಡುತ್ತಿರು. ಮತ್ತೆ ದಯವಿಟ್ಟು, ಮೋಡ ಎಷ್ಟೇ ಕಪ್ಪಗಿರಲಿ, ಕೊಡೆಯನ್ನು ಮನೆಯಲ್ಲೇ ಬಿಟ್ಟು ಬಾ.

ನಿನ್ನ
ಗೆಳೆಯ