ಪ್ರಿಂಟ್ ನಡುವೆ ಕಂಪ್ಯೂಟರ್ ಸ್ಲೀಪ್‌ಗೆ ಹೋಗುತ್ತಿದೆ: ನಿಮ್ಮ ಪ್ರಿಂಟಿಂಗ್ ಸಾಫ್ಟ್‌ವೇರ್ ಬಗ್ಗೆ ದೂರು

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು,
ಬೆಂಗಳೂರು

ಇಂದ,
ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ,
ಭಾಂಡುಪ್ ಪಶ್ಚಿಮ, ಮುಂಬೈ

ಮಾನ್ಯರೇ,

ನಿಮ್ಮ ಸಪೋರ್ಟ್ ಹುಡುಗರ ಜೊತೆ ಫೋನಿನಲ್ಲಿ ಕನ್ನಡದಲ್ಲೇ ಮಾತಾಡಿದ್ದೇನೆ, ಹಾಗಾಗಿ ಈ ಪತ್ರವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ.

ಕಳೆದ ತಿಂಗಳು ಇಲ್ಲಿನ ಒಂದು ಕನ್ನಡ ಶಾಲೆಯ ವಾರ್ಷಿಕೋತ್ಸವಕ್ಕೆ 24 ಅಡಿ ಅಗಲ, 10 ಅಡಿ ಎತ್ತರದ ಬ್ಯಾನರ್ ಆರ್ಡರ್ ಬಂತು. ಬೆಳಿಗ್ಗೆ ಎಂಟಕ್ಕೆ ಕೊಡಬೇಕಿತ್ತು. ರಾತ್ರಿ ಪ್ರಿಂಟ್‌ಗೆ ಹಾಕಿ ನಾನು ಆಚೆ ಕಡೆ ಇನ್ನೊಂದು ಫ್ಲೆಕ್ಸ್‌ಗೆ ಐಲೆಟ್ (ಹಗ್ಗ ಕಟ್ಟುವ ತೂತಿನ ಲೋಹದ ಬಳೆ) ಹೊಡೆಯುತ್ತಿದ್ದೆ. ಅರ್ಧ ಗಂಟೆಯಾದ ಮೇಲೆ ಮಷಿನ್ ಸದ್ದು ನಿಂತಿತು. ಹೋಗಿ ನೋಡಿದರೆ ಸ್ಕ್ರೀನ್ ಕಪ್ಪು. ಇಂಕ್ ಸಿಂಪಡಿಸುವ ಹೆಡ್ ಫ್ಲೆಕ್ಸ್ ಮೇಲೆ ನಡುದಾರಿಯಲ್ಲೇ ನಿಂತಿದೆ. "ವಾರ್ಷಿಕೋ" ಅಂತ ಬಂದು, ಮುಂದಿನ ಅಕ್ಷರ ಅರ್ಧಕ್ಕೆ ಕಡಿದುಹೋಗಿತ್ತು. ಕಂಪ್ಯೂಟರ್ ಎಬ್ಬಿಸಿದರೂ ಪ್ರಿಂಟ್ ಮುಂದುವರಿಯಲಿಲ್ಲ. ಆ ತುಂಡು ದಂಡ. ಹೆಡ್ಡಿನಲ್ಲಿ ಇಂಕ್ ಒಣಗಿತ್ತು, ಸಾಲ್ವೆಂಟ್ ಹಾಕಿ ತೊಳೆಯುವಷ್ಟರಲ್ಲಿ ಎರಡು ಗಂಟೆ ಹೋಯಿತು. ಬೆಳಗಾಗುವವರೆಗೂ ಕೂತು ಇನ್ನೊಮ್ಮೆ ಪ್ರಿಂಟ್ ತೆಗೆದೆ.

ನಿಮ್ಮವರು "ಇದು ವಿಂಡೋಸ್ ಸಮಸ್ಯೆ, ಕಂಪ್ಯೂಟರ್‌ನವರನ್ನು ಕೇಳಿ" ಅಂದರು. ಕಂಪ್ಯೂಟರ್‌ನವರು ಸಾಫ್ಟ್‌ವೇರ್ ಕಡೆ ಕೈ ತೋರಿಸಿದರು. ಕೊನೆಗೆ ನಾನೇ ಕೂತು ಹುಡುಕಿದೆ. ಕಂಪ್ಯೂಟರಿನಲ್ಲಿ ಆದದ್ದನ್ನೆಲ್ಲ ಬರೆದಿಡುವ ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 42 ಅಂತ ಒಂದು ದಾಖಲೆ ಇತ್ತು. ಸ್ಲೀಪ್‌ಗೆ ಹೋದ ಕಾರಣ "ಸಿಸ್ಟಮ್ ಐಡಲ್" ಅಂತಲೇ ಬರೆದಿತ್ತು. ಅಂದರೆ ಮಷಿನ್ ಅಷ್ಟು ಕೆಲಸ ಮಾಡುತ್ತಿದ್ದರೂ, ಯಾರೂ ಮೌಸ್ ಮುಟ್ಟಲಿಲ್ಲ ಅಂತ ಕಂಪ್ಯೂಟರ್ ತನಗೆ ಕೆಲಸವೇ ಇಲ್ಲ ಅಂದುಕೊಂಡಿದೆ. ಪ್ರಿಂಟ್ ನಡೀತಿದೆ ಅಂತ ಅದಕ್ಕೆ ಹೇಳಬೇಕಾದದ್ದು ನಿಮ್ಮ ಸಾಫ್ಟ್‌ವೇರ್ ಅಲ್ವಾ?

ಇನ್ನೊಂದು ದಿನ ಪ್ರಿಂಟ್ ನಡೆಯುವಾಗಲೇ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು "ಪವರ್‌ಸಿಎಫ್‌ಜಿ ರಿಕ್ವೆಸ್ಟ್ಸ್" ಕೊಟ್ಟು ನೋಡಿದೆ. ಕಂಪ್ಯೂಟರನ್ನು ಎಚ್ಚರ ಇಡಿ ಅಂತ ಯಾವ ಪ್ರೋಗ್ರಾಂ ಕೇಳುತ್ತಿದೆಯೋ ಅದರ ಹೆಸರು ಅಲ್ಲಿ ಬರುತ್ತದೆ. ವಿಡಿಯೋ ಹಾಕಿದರೆ ಬ್ರೌಸರ್ ಹೆಸರು ಬಂತು. ನಿಮ್ಮದು ಬರಲೇ ಇಲ್ಲ. ಇದಕ್ಕೆ ಬೇಕಾದ ಸೌಲಭ್ಯ ವಿಂಡೋಸ್ ಎಕ್ಸ್‌ಪಿ ಕಾಲದಿಂದಲೂ ಇದೆ, ಹೆಸರು ಸೆಟ್‌ಥ್ರೆಡ್‌ಎಕ್ಸಿಕ್ಯೂಷನ್‌ಸ್ಟೇಟ್. ಪ್ರಿಂಟ್ ಶುರುವಾದಾಗ ಎಚ್ಚರ ಇರು ಅನ್ನಬೇಕು, ಮುಗಿದ ಮೇಲೆ ಬಿಡಬೇಕು. ಸ್ಕ್ರೀನ್ ಆಫ್ ಆದರೆ ನನಗೇನೂ ತೊಂದರೆ ಇಲ್ಲ.

ಸ್ಲೀಪ್ ಅನ್ನು "ನೆವರ್" ಮಾಡಿ ಅಂತ ನಿಮ್ಮವರು ಹೇಳಿದರು, ಮಾಡಿದೆ. ಒಂದು ವಾರದೊಳಗೆ ನಿಮ್ಮ ಯುಎಸ್‌ಬಿ ಡಾಂಗಲ್ (ಸಾಫ್ಟ್‌ವೇರ್ ಲೈಸೆನ್ಸ್ ಇರುವ, ಕಂಪ್ಯೂಟರಿಗೆ ಚುಚ್ಚುವ ಚಿಕ್ಕ ಕಡ್ಡಿ) ಕೈಕೊಟ್ಟಿತು, ಲೈಸೆನ್ಸ್ ಸಿಗುತ್ತಿಲ್ಲ ಅಂತ ಪ್ರಿಂಟ್ ಮತ್ತೆ ನಿಂತಿತು. ಬಳಸದ ಯುಎಸ್‌ಬಿ ಸಾಧನಗಳನ್ನು ಕಂಪ್ಯೂಟರ್ ಮಲಗಿಸುವ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಅನ್ನುವುದನ್ನು ಪವರ್ ಆಪ್ಷನ್ಸ್‌ನಲ್ಲಿ ಆಫ್ ಮಾಡಿದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಒಂದೊಂದೇ ಯುಎಸ್‌ಬಿ ರೂಟ್ ಹಬ್ ತೆರೆದು, ಪವರ್ ಉಳಿಸಲು ಇದನ್ನು ಆಫ್ ಮಾಡಬಹುದು ಅನ್ನುವ ಟಿಕ್ ತೆಗೆದೆ. ಆಮೇಲೆ ತೊಂದರೆ ಬಂದಿಲ್ಲ. ಆದರೆ ಈಗ ಅಂಗಡಿ ಮುಚ್ಚುವಾಗ ಮರೆತರೆ ಕಂಪ್ಯೂಟರ್ ರಾತ್ರಿಯಿಡೀ ಸುಮ್ನೆ ಉರಿಯುತ್ತದೆ. ಮುಂಬೈ ಸೆಕೆಯಲ್ಲಿ ಆ ಚಿಕ್ಕ ಅಂಗಡಿಯೊಳಗೆ ಅದು ಒಳ್ಳೆಯದಲ್ಲ, ಕರೆಂಟ್ ಬಿಲ್ಲೂ ಜಾಸ್ತಿ. ನಾಳೆ ಹೊಸ ಕಂಪ್ಯೂಟರ್ ತಂದರೆ ಇದೆಲ್ಲ ಮತ್ತೆ ಮೊದಲಿಂದ ಮಾಡಬೇಕು.

ನಾನು ಪ್ರತಿ ವರ್ಷ ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಹಣ ತಪ್ಪದೆ ಕಟ್ಟಿದ್ದೇನೆ. ಪ್ರಿಂಟ್ ಇರುವಷ್ಟು ಹೊತ್ತು ಕಂಪ್ಯೂಟರನ್ನು ಎಚ್ಚರ ಇಡುವ ಅಪ್‌ಡೇಟ್ ಕೊಡಿ. ಅಲ್ಲಿಯವರೆಗೆ ಡಾಂಗಲ್ ಮತ್ತು ಸ್ಲೀಪ್ ಸೆಟ್ಟಿಂಗ್ ವಿಷಯವನ್ನು ಇನ್‌ಸ್ಟಾಲ್ ಪುಸ್ತಕದ ಮೊದಲ ಪುಟದಲ್ಲೇ ಹಾಕಿ, ನನ್ನ ಹಾಗೆ ಇನ್ನೊಬ್ಬರ ರಾತ್ರಿ ಹಾಳಾಗುವುದು ಬೇಡ. ಹಾಳಾದ ಫ್ಲೆಕ್ಸ್ ಮತ್ತು ಇಂಕಿನ ಖರ್ಚನ್ನು ಈ ವರ್ಷದ ಎಎಂಸಿಯಲ್ಲಿ ಕಳೆಯಿರಿ. ಫೋಟೋ, ಬಿಲ್ಲು, ಈವೆಂಟ್ ವ್ಯೂವರ್ ದಾಖಲೆ ಜೊತೆಗಿಟ್ಟಿದ್ದೇನೆ. 15 ದಿನದೊಳಗೆ ಲಿಖಿತ ಉತ್ತರ ಬೇಕು.

ಇಂತಿ,
ಅಂಗಡಿಯ ಮಾಲೀಕ